‘ಓದ್ಕೋ ಹೋಗು’ ಎಂದರೆ ಯಾವ ಓದು?

ಬೋಧನಾಭ್ಯಾಸಕ್ಕೆ ಹೋದ ಶಾಲೆಗಳ ಸ್ಟಾಫ್‌ರೂಮಿನಲ್ಲಿ ನಾವೆಲ್ಲರೂ ಕೇಳಿಸಿಕೊಂಡಿರುವ ಒಂದು ಮಾತಿದೆ: ‘ಈಗಿನ ಮಕ್ಕಳಿಗೆ ಓದುವ ಹವ್ಯಾಸವೇ ಇಲ್ಲ.’ ಹೇಳುವವರು ನಿಜವಾದ ಬೇಸರದಿಂದಲೇ ಹೇಳುತ್ತಾರೆ. ಮಾತು ಮುಂದುವರಿದರೆ ಮೊಬೈಲ್ ಬರುತ್ತದೆ, ಆಮೇಲೆ ಪೋಷಕರು ಬರುತ್ತಾರೆ, ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಶಾಲೆಯ ಸರದಿ ಮಾತ್ರ ಬರುವುದಿಲ್ಲ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಇಷ್ಟು: ಲಗ್ಗೆರೆಯಂಥ ಕಡೆ ಓದುವ ಅಭ್ಯಾಸ ಹುಟ್ಟುವುದಾದರೆ ಶಾಲೆಯಲ್ಲೇ ಹುಟ್ಟಬೇಕು. ಅದನ್ನು ಕನ್ನಡ ಮೇಷ್ಟ್ರ ತಲೆಗೆ ಕಟ್ಟಿ ನಾವು ವಿಜ್ಞಾನದವರು ಸುಮ್ಮನಿರುವಂತಿಲ್ಲ.

ಮೊದಲು ಆ ಪದವನ್ನೇ ನೋಡೋಣ. ಕನ್ನಡದಲ್ಲಿ ‘ಓದು’ ಎನ್ನುವುದಕ್ಕೆ ಎರಡು ಅರ್ಥ. ‘ನಿಮ್ಮ ಮಗ ಏನು ಓದ್ತಿದಾನೆ?’ ಎಂದು ಕೇಳಿದರೆ ‘ಡಿಪ್ಲೊಮಾ’ ಎಂಬ ಉತ್ತರ ಬರುತ್ತದೆಯೇ ಹೊರತು ಕಾದಂಬರಿಯ ಹೆಸರನ್ನು ಯಾರೂ ಹೇಳುವುದಿಲ್ಲ. ನಮ್ಮ ಮನೆಗಳಲ್ಲಿ ‘ಓದ್ಕೋ ಹೋಗು’ ಎಂದರೆ ಪಠ್ಯಪುಸ್ತಕ ತೆಗೆ, ಪ್ರಶ್ನೋತ್ತರ ಬಾಯಿಪಾಠ ಮಾಡು ಎಂದು ಅರ್ಥ. ಕಥೆ ಪುಸ್ತಕ ಹಿಡಿದು ಕೂತ ಮಗುವಿಗೆ ‘ಅದನ್ನ ಬಿಟ್ಟು ಓದ್ಕೋ’ ಎನ್ನುತ್ತಾರೆ. ಅಂದರೆ ಓದುತ್ತಿರುವ ಮಗುವಿಗೆ ಓದು ಬಿಟ್ಟು ಓದು ಎಂದ ಹಾಗಾಯಿತು! ತಾಯಿತಂದೆಯರನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಅಂಕ ಬರುವ ಓದು ಯಾವುದು ಎಂದು ಅವರಿಗೆ ಕಲಿಸಿಕೊಟ್ಟವರು ನಾವೇ, ಶಾಲೆಯವರು.

ಲಗ್ಗೆರೆ ಗೊತ್ತಿಲ್ಲದವರಿಗೆ ಎರಡು ಮಾತು. ಹೊರವರ್ತುಲ ರಸ್ತೆಯ ಮಗ್ಗುಲಲ್ಲಿದೆ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಗಾರೆ ಕೆಲಸದವರು, ಆಟೊ ಓಡಿಸುವವರು ಬಾಡಿಗೆಗೆ ಇರುವ ವಠಾರಗಳು ಇಲ್ಲಿ ಒತ್ತೊತ್ತಾಗಿವೆ. ಕುಣಿಗಲ್, ಮಾಗಡಿ, ಹಾಸನದ ಕಡೆಯಿಂದ ಹಿಂದೆ ಬಂದವರಿದ್ದಾರೆ. ರಾಯಚೂರು, ಯಾದಗಿರಿ, ಕಲಬುರಗಿಯ ಕಡೆಯಿಂದ ಈಚೆಗೆ ಬಂದವರಿದ್ದಾರೆ. ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನವರೂ ಇದ್ದಾರೆ. ನಾನು ಬೆಳೆದ ಮನೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಹಾಸಿಗೆ ಸುತ್ತಿಟ್ಟ ಮೇಲೆ ಉಳಿಯುವ ಜಾಗದಲ್ಲಿ ಸಿಲಿಂಡರ್, ನೀರಿನ ಡ್ರಮ್, ಟಿವಿ. ಅಚ್ಚಾದ ಅಕ್ಷರ ಎಂದರೆ ಗೋಡೆಯ ಕ್ಯಾಲೆಂಡರ್, ಮಾತ್ರೆಯ ಚೀಟಿ, ದಿನಸಿ ಕಟ್ಟಿಕೊಟ್ಟ ಪೊಟ್ಟಣದ ಕಾಗದ.

ಆ ಮನೆಯಲ್ಲಿ ಇಬ್ಬರು ಬೆಳೆದೆವು, ನಾನು ಮತ್ತು ನನ್ನ ತಮ್ಮ. ನಾನು ಓದುವವಳಾದೆ, ಅವನು ಆಗಲಿಲ್ಲ. ಇದಕ್ಕೆ ಕಾರಣ ನನ್ನ ಬುದ್ಧಿವಂತಿಕೆ ಎಂದು ಸಂಬಂಧಿಕರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಾಲೆ ಬಿಟ್ಟ ಮೇಲೆ ತಮ್ಮ ಬೀದಿಗೆ ಹೋಗುತ್ತಿದ್ದ. ಹೆಣ್ಣುಮಗು ಎಂದು ನನ್ನನ್ನು ಹೊರಗೆ ಬಿಡುತ್ತಿರಲಿಲ್ಲ. ಅಮ್ಮ ಗಾರ್ಮೆಂಟ್ಸ್‌ನಿಂದ ಬರುವವರೆಗೆ ಬಾಗಿಲು ಹಾಕಿಕೊಂಡು ಒಳಗಿರಬೇಕು. ರಸ್ತೆ ತುದಿಯ ಗುಜರಿ ಅಂಗಡಿಯವರು ಹಳೆಯ ‘ಬಾಲಮಂಗಳ’ ಸಂಚಿಕೆಗಳನ್ನು ಹರಿದ ನೋಟ್‌ಬುಕ್ಕುಗಳ ಜೊತೆ ತೂಕಕ್ಕೆ ಕೊಡುತ್ತಿದ್ದರು. ಅಪ್ಪ ಒಮ್ಮೆ ಒಂದು ಕಟ್ಟು ತಂದು ಹಾಕಿದರು. ಅದರಲ್ಲಿ ಮೊದಲ ಪುಟ ಇಲ್ಲದವು, ಕೊನೆಯ ಪುಟ ಇಲ್ಲದವು ಎಲ್ಲ ಇದ್ದವು. ಕಥೆಯ ಕೊನೆಯನ್ನು ನಾನೇ ಊಹಿಸಿಕೊಳ್ಳಬೇಕಾಗಿತ್ತು. ಹೈಸ್ಕೂಲಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಸಂಚಿಕೆಗಳು ಸಿಕ್ಕವು. ವಿಜ್ಞಾನ ಎನ್ನುವುದು ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳಿಗಿಂತ ಬೇರೆ ಏನೋ ಎಂದು ಗೊತ್ತಾದದ್ದು ಅಲ್ಲಿಂದ. ಬಿಎಸ್ಸಿಗೆ ಸೇರಿದ್ದು ಅದರ ಮುಂದುವರಿಕೆ. ಹೀಗೆ ನನ್ನ ಓದು ಹುಟ್ಟಿದ್ದು ಮೂರು ವಸ್ತುಗಳಿಂದ: ಕಟ್ಟಿಹಾಕಿದ ಸಮಯ, ಯಾರೂ ಪ್ರಶ್ನೆ ಕೇಳದ ಮೂಲೆ, ಕೈಗೆ ಸಿಗುವ ಪುಸ್ತಕ. ತಮ್ಮನಿಗೆ ಮೂರೂ ಇರಲಿಲ್ಲ. ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂರಿಸುವುದನ್ನು ನಾನು ಹೊಗಳುತ್ತಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ ತಾನೆ?

ತಮ್ಮ ಐಟಿಐ ಮಾಡಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮೆಷಿನ್ ನಡೆಸುತ್ತಾನೆ. ಡ್ರಾಯಿಂಗ್ ನೋಡಿ ಮೈಕ್ರಾನ್ ಲೆಕ್ಕದಲ್ಲಿ ಕೆಲಸ ತೆಗೆಯುತ್ತಾನೆ. ಆ ಡ್ರಾಯಿಂಗ್ ನನಗೆ ಅರ್ಥವಾಗುವುದಿಲ್ಲ. ಆದರೆ ಎರಡು ಪುಟದ ಕರಾರು ಪತ್ರ ಬಂದರೆ ‘ಅಕ್ಕ, ನೀನೇ ಓದಿ ಹೇಳು’ ಎನ್ನುತ್ತಾನೆ. ಅಕ್ಷರ ಬಾರದೆ ಅಲ್ಲ. ಎರಡನೇ ವಾಕ್ಯಕ್ಕೆ ಬರುವಷ್ಟರಲ್ಲಿ ಮೊದಲನೆಯದರ ಎಳೆ ತಪ್ಪುತ್ತದೆ ಅವನಿಗೆ. ಮೇಲಿನ ಹುದ್ದೆಗೆ ಬರೆಯಬೇಕಿದ್ದ ಪರೀಕ್ಷೆಯನ್ನು ಅವನು ಬಿಟ್ಟದ್ದು ಇದೇ ಕಾರಣಕ್ಕೆ, ಕೆಲಸ ಗೊತ್ತಿಲ್ಲದೆ ಅಲ್ಲ. ಬಾಲ್ಯದ ಓದು ಜೀವನವನ್ನು ರೂಪಿಸುತ್ತದೆ ಎಂದು ಭಾಷಣಗಳಲ್ಲಿ ಕೇಳುವಾಗ ನಮಗೆ ಕವಿಗಳು, ವಿಜ್ಞಾನಿಗಳು ನೆನಪಾಗುತ್ತಾರೆ. ನನಗೆ ಆ ಕರಾರು ಪತ್ರ ನೆನಪಾಗುತ್ತದೆ.

ಮಹಾಪುರುಷರ ಓದಿನ ಕಥೆಗಳ ಬಗ್ಗೆ ನನಗೊಂದು ತಕರಾರಿದೆ. ಪ್ರತಿ ಸೆಪ್ಟೆಂಬರ್ 15ಕ್ಕೆ ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಕುಳಿತು ಓದಿದ ಕಥೆಯನ್ನು ಶಾಲೆಗಳಲ್ಲಿ ಹೇಳುತ್ತಾರೆ. ಕೇಳುವ ಮಗು ಏನು ತಿಳಿಯುತ್ತದೆ? ದೀಪ ಇಲ್ಲದವನೂ ಓದಿ ದೊಡ್ಡವನಾದ, ನೀನು ಆಗದಿದ್ದರೆ ಅದು ನಿನ್ನ ಸೋಮಾರಿತನ ಎಂದು. ಕೊರತೆಯನ್ನೇ ಸದ್ಗುಣ ಮಾಡುವ ಕಥೆಗಳಿವು. ಅದಕ್ಕಿಂತ ನಮಗೆ ಹತ್ತಿರದ ಉದಾಹರಣೆ ಶ್ರೀರಾಂಪುರದ್ದು. ಲಗ್ಗೆರೆಯಿಂದ ಕೆಲವು ಕಿಲೋಮೀಟರ್ ಆಚೆಗಿನ ಆ ಕೇರಿಯಲ್ಲಿ ಬೆಳೆದ ಕವಿ ಸಿದ್ಧಲಿಂಗಯ್ಯನವರು (1954–2021) ಓದುವುದಕ್ಕೆ ಸ್ಮಶಾನಕ್ಕೆ ಹೋಗಿ ಕೂರುತ್ತಿದ್ದುದನ್ನು ಹೇಳಿಕೊಂಡಿದ್ದಾರೆ. ಅವರ ಆತ್ಮಕಥೆ ‘ಊರುಕೇರಿ’ಯನ್ನು ಓದಿದವರಿಗೆ ಇಂಥದ್ದನ್ನೆಲ್ಲ ಅವರು ನಗಿಸುತ್ತ ಹೇಳುವ ರೀತಿ ಗೊತ್ತು. ಆದರೆ ನಗು ಮುಗಿದ ಮೇಲೆ ಶಿಕ್ಷಕರಾಗುವ ನಾವು ಕೇಳಿಕೊಳ್ಳಬೇಕಾದದ್ದು ಬೇರೆ. ಒಬ್ಬ ಹುಡುಗನಿಗೆ ಇಡೀ ಬಡಾವಣೆಯಲ್ಲಿ ಸದ್ದಿಲ್ಲದ ಜಾಗ ಎಂದು ಸಿಕ್ಕಿದ್ದು ಅದೊಂದೇ ಏಕೆ? ಸ್ಮಶಾನಕ್ಕೆ ಹೋಗುವ ಧೈರ್ಯ ಇಲ್ಲದ ಉಳಿದ ಮಕ್ಕಳು ಎಲ್ಲಿ ಓದಿದರು?

ಓದಿನ ಪ್ರಮಾಣದ ಬಗ್ಗೆ ನಮ್ಮ ಪಠ್ಯಕ್ರಮದಲ್ಲಿ ಹೆಚ್ಚಾಗಿ ಬಾರದ ಒಂದೆರಡು ಅಧ್ಯಯನಗಳನ್ನು ಇಲ್ಲಿ ಹೇಳಬೇಕು. ಅಮೆರಿಕದ ಆಂಡರ್ಸನ್, ವಿಲ್ಸನ್, ಫೀಲ್ಡಿಂಗ್ ಎಂಬ ಮೂವರು ಸಂಶೋಧಕರು 5ನೇ ತರಗತಿಯ 155 ಮಕ್ಕಳು ಶಾಲೆಯ ಹೊರಗೆ ಏನು ಮಾಡುತ್ತಾರೆ ಎಂದು ದಿನಚರಿ ಬರೆಸಿ 1988ರಲ್ಲಿ ಪ್ರಕಟಿಸಿದರು. ಮಧ್ಯದ ಮಗು ದಿನಕ್ಕೆ ಪುಸ್ತಕ ಓದಿದ್ದು 4.6 ನಿಮಿಷ. ಹೆಚ್ಚು ಓದುವ ಹತ್ತನೇ ಒಂದು ಭಾಗದ ಅಂಚಿನಲ್ಲಿದ್ದ ಮಗು ಓದಿದ್ದು 21 ನಿಮಿಷ. ವರ್ಷಕ್ಕೆ ಲೆಕ್ಕ ಹಾಕಿದರೆ ಮೊದಲನೆಯದರ ಕಣ್ಣಿನ ಮುಂದೆ ಹಾದುಹೋಗುವ ಪದಗಳು ಸುಮಾರು 2 ಲಕ್ಷ 82 ಸಾವಿರ, ಎರಡನೆಯದಕ್ಕೆ 18 ಲಕ್ಷಕ್ಕೂ ಹೆಚ್ಚು. ಕೊನೆಯ ಹತ್ತನೇ ಒಂದು ಭಾಗದ ಮಕ್ಕಳ ಓದು ಹೆಚ್ಚುಕಡಿಮೆ ಸೊನ್ನೆ. ವ್ಯತ್ಯಾಸ ಗಂಟೆಗಟ್ಟಲೆಯದಲ್ಲ, ದಿನಕ್ಕೆ ಹದಿನಾರು ಹದಿನೇಳು ನಿಮಿಷದ್ದು. ಇದು ಇಂಗ್ಲಿಷ್ ಮಕ್ಕಳ ಲೆಕ್ಕ, ಕನ್ನಡಕ್ಕೆ ಅಂಕಿಗಳನ್ನು ಹಾಗೇ ತಂದು ಹಚ್ಚಲಾಗದು. ಚೆನ್ನಾಗಿ ಓದಬಲ್ಲವರೇ ಹೆಚ್ಚು ಓದಿರಬಹುದು ಎಂಬ ಆಕ್ಷೇಪವೂ ಸರಿಯೇ. ಕೀತ್ ಸ್ಟ್ಯಾನೊವಿಚ್ 1986ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಓದಬಲ್ಲವನು ಓದುತ್ತಾನೆ, ಓದಿದ್ದರಿಂದ ಇನ್ನಷ್ಟು ಓದಬಲ್ಲವನಾಗುತ್ತಾನೆ. ಆಗದವನು ಓದನ್ನು ತಪ್ಪಿಸಿಕೊಳ್ಳುತ್ತಾನೆ, ತಪ್ಪಿಸಿಕೊಂಡದ್ದರಿಂದ ಇನ್ನೂ ಹಿಂದೆ ಬೀಳುತ್ತಾನೆ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ. ಕನ್ನಿಂಗ್‌ಹ್ಯಾಮ್ ಅವರ ಜೊತೆ ಅವರು 1997ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, 1ನೇ ತರಗತಿಯಲ್ಲಿ ಸುಲಭವಾಗಿ ಓದಲು ಕಲಿತಿದ್ದ ಮಕ್ಕಳೇ 11ನೇ ತರಗತಿಯಲ್ಲೂ ಹೆಚ್ಚು ಓದುವವರಾಗಿದ್ದರು. ಗುಂಪು ಚಿಕ್ಕದು, ಆದರೆ ಹತ್ತು ವರ್ಷ ಹಿಂಬಾಲಿಸಿ ನೋಡಿದ್ದು.

ಇನ್ನೊಂದು ಸಂಶೋಧನೆ ನನ್ನನ್ನು ಹೆಚ್ಚು ಕಾಡಿತು. ಇವಾನ್ಸ್ ಮತ್ತು ಸಂಗಡಿಗರು 27 ದೇಶಗಳ ಮಾಹಿತಿಯನ್ನು 2010ರಲ್ಲಿ ಪ್ರಕಟಿಸಿದರು. ಮನೆಯಲ್ಲಿ 500 ಪುಸ್ತಕಗಳಿದ್ದ ಮಕ್ಕಳು, ಪುಸ್ತಕವೇ ಇಲ್ಲದ ಮನೆಯ ಮಕ್ಕಳಿಗಿಂತ ಸುಮಾರು 3 ವರ್ಷ ಹೆಚ್ಚು ಶಿಕ್ಷಣ ಪಡೆದಿದ್ದರು. ಅಪ್ಪ ಅಮ್ಮನ ವಿದ್ಯೆ, ಉದ್ಯೋಗವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ಅಂತರ ಉಳಿಯಿತು. ಓದಿ ನನಗೆ ಬಂದ ಮೊದಲ ಯೋಚನೆ: 500 ಪುಸ್ತಕ ಇಡುವುದು ಎಲ್ಲಿ? ಸಿಲಿಂಡರ್ ಮೇಲೋ? ವಠಾರದ ಮನೆಗೆ ಆ ಜಾಗ ಎಂದೂ ಬರುವುದಿಲ್ಲ. ತರಗತಿ ಕೋಣೆಗೆ ಬರಬಹುದು.

ಇಷ್ಟೆಲ್ಲ ಭಾಷಾ ಶಿಕ್ಷಕರ ವಿಷಯವಲ್ಲವೇ, ಭೌತಶಾಸ್ತ್ರ ಕಲಿಸುವವಳಿಗೆ ಏಕೆ ಎಂದು ಕೇಳಬಹುದು. 8ನೇ ತರಗತಿಗೆ ಘರ್ಷಣೆ ಪಾಠ ಮಾಡಿದಾಗಿನ ಸಂಗತಿ ಹೇಳುತ್ತೇನೆ. ಜಾರುವ ಘರ್ಷಣೆಗಿಂತ ಉರುಳುವ ಘರ್ಷಣೆ ಕಡಿಮೆ ಎಂದು ಹೇಳುವುದಕ್ಕೆ ಒಂದು ಬಾಲ್ ಬೇರಿಂಗ್ ಒಯ್ದಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನ ಹುಡುಗ ಎದ್ದು ಬಂದ. ಅವನ ತಂದೆ ಯಾದಗಿರಿ ಕಡೆಯವರು, ಪೀಣ್ಯದಲ್ಲಿ ಮೋಟರ್ ರಿಪೇರಿ ಅಂಗಡಿಯಲ್ಲಿದ್ದಾರೆ. ಬೇರಿಂಗ್ ಬೆರಳಲ್ಲಿ ತಿರುಗಿಸಿ, ‘ಇದ್ರಾಗ ಗ್ರೀಸ್ ಇಲ್ಲ ಮಿಸ್, ಹಂಗೇ ಬಿಟ್ರ ಕಾಯ್ತದ, ಆಮ್ಯಾಲ ಸದ್ದು ಬರ್ತದ’ ಎಂದ. ಘರ್ಷಣೆಯಿಂದ ಶಾಖ, ಸವೆತ, ಕೀಲೆಣ್ಣೆಯ ಕೆಲಸ ಎಲ್ಲವೂ ಆ ಒಂದು ಮಾತಿನಲ್ಲಿ ಬಂದುಹೋಯಿತು. ಇಡೀ ತರಗತಿಯಲ್ಲಿ ಅವನಷ್ಟು ತಿಳಿದವರು ಇರಲಿಲ್ಲ. ಘಟಕ ಪರೀಕ್ಷೆಯಲ್ಲಿ ‘ಘರ್ಷಣೆಯು ಅನಪೇಕ್ಷಣೀಯವಾಗಿರುವ ಎರಡು ಸಂದರ್ಭಗಳನ್ನು ಹೆಸರಿಸಿ’ ಎಂಬ ಪ್ರಶ್ನೆಯ ಕೆಳಗೆ ಅವನು ಪ್ರಶ್ನೆಯನ್ನೇ ನಕಲು ಮಾಡಿ ಬಿಟ್ಟಿದ್ದ.

ಅವನಿಗೆ ಬಾರದ್ದು ವಿಜ್ಞಾನವಲ್ಲ, ‘ಅನಪೇಕ್ಷಣೀಯ’. ಆ ಪದವನ್ನು ಯಾವ ಊರಿನ ಕನ್ನಡಿಗರೂ ಮಾತಿನಲ್ಲಿ ಬಳಸುವುದಿಲ್ಲ. ಯಾದಗಿರಿಯಲ್ಲೂ ಇಲ್ಲ, ಕುಣಿಗಲ್ಲಿನಲ್ಲೂ ಇಲ್ಲ. ಪುಸ್ತಕದ ಕನ್ನಡ ಕಿವಿಯ ಮೂಲಕ ಬರುವುದಿಲ್ಲ, ಕಣ್ಣಿನ ಮೂಲಕವೇ ಬರಬೇಕು. ಪಠ್ಯಪುಸ್ತಕದಲ್ಲಿ ಅಂಥ ಪದ ವರ್ಷಕ್ಕೆ ಎರಡು ಸಲ ಕಾಣಿಸಿಕೊಂಡು ಹೋಗುತ್ತದೆ. ಕಥೆ, ಪತ್ರಿಕೆ, ಚರಿತ್ರೆ ಎಂದು ಓದುವ ಮಗುವಿಗೆ ‘ಅಪೇಕ್ಷೆ’ ಒಂದು ಕಡೆ, ‘ಅನಪೇಕ್ಷಿತ’ ಇನ್ನೊಂದು ಕಡೆ ಸಿಕ್ಕಿ, ಯಾರೂ ಅರ್ಥ ಹೇಳದೆಯೂ ಪದ ಪರಿಚಯವಾಗುತ್ತದೆ. ಪ್ರಶ್ನೆಯನ್ನು ಸುಲಭ ಕನ್ನಡದಲ್ಲಿ ಕೇಳಬೇಕು ಎನ್ನುವುದೂ ಸರಿ, ನಾನು ಹಾಗೇ ಕೇಳುತ್ತೇನೆ. ಆದರೆ ಎಸ್‌ಎಸ್‌ಎಲ್‌ಸಿ ಪ್ರಶ್ನೆಪತ್ರಿಕೆಯನ್ನು ನಾನು ಬರೆಯುವುದಿಲ್ಲ. ಮುಂದೆ ಅವನ ಕೈಗೆ ಬರುವ ಕರಾರು ಪತ್ರವನ್ನೂ ನಾನು ಬರೆಯುವುದಿಲ್ಲ.

ಎನ್‌ಸಿಟಿಇಯ 2014ರ ನಿಯಮಗಳ ಪ್ರಕಾರ ಎರಡು ವರ್ಷದ ಬಿಎಡ್ ಬಂದಾಗ ಇದನ್ನು ಯೋಚಿಸಿದವರಿದ್ದರು ಎನ್ನುವುದು ಸ್ಪಷ್ಟ. ಎಲ್ಲ ವಿಷಯಗಳ ಪ್ರಶಿಕ್ಷಣಾರ್ಥಿಗಳಿಗೂ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆ ಇದೆ. ಪಠ್ಯಗಳನ್ನು ಓದಿ ಚಿಂತಿಸುವುದಕ್ಕೆ ಪ್ರತ್ಯೇಕ ಇಪಿಸಿ ಇದೆ. ಆ ಇಪಿಸಿಗೆ ನಾವು ಏನು ಮಾಡುತ್ತೇವೆ ಎಂಬುದು ನಮ್ಮ ನಡುವೆ ಗುಟ್ಟಲ್ಲ. ಪುಸ್ತಕ ವಿಮರ್ಶೆಗಳು ಹಿಂದಿನ ವರ್ಷದ ರೆಕಾರ್ಡ್‌ನಿಂದ ಈ ವರ್ಷದ ರೆಕಾರ್ಡ್‌ಗೆ ಸುಂದರವಾದ ಅಕ್ಷರಗಳಲ್ಲಿ ಇಳಿಯುತ್ತವೆ. ಓದದ ಶಿಕ್ಷಕಿ ಓದುವ ಮಕ್ಕಳನ್ನು ಬಯಸುವುದು ಹೇಗೆ?

ಶಾಲೆಗಳಲ್ಲಿ ಪುಸ್ತಕ ಇಲ್ಲವೇ? ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಅದರಲ್ಲಿ ದಿನಪತ್ರಿಕೆ, ನಿಯತಕಾಲಿಕೆಗಳ ಜೊತೆ ಕಥೆ ಪುಸ್ತಕಗಳೂ ಇರಬೇಕು ಎಂದಿದೆ. ಸಮಗ್ರ ಶಿಕ್ಷಣದಡಿ ಅನುದಾನವೂ ಬರುತ್ತದೆ. ಪುಸ್ತಕಗಳು ಬೀರುವಿನಲ್ಲಿವೆ, ಬೀರುವಿಗೆ ಬೀಗ ಇದೆ. ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣ ಎಂದುಕೊಂಡೇ ನಾನೂ ಒಂದು ಶಾಲೆಯಲ್ಲಿ ಕೇಳಿದೆ. ಹಿರಿಯ ಶಿಕ್ಷಕಿಯೊಬ್ಬರು ದಾಸ್ತಾನು ವಹಿ ತೆರೆದು ತೋರಿಸಿದರು. ಪ್ರತಿ ಪುಸ್ತಕವೂ ಮೇಜು ಕುರ್ಚಿಗಳ ಹಾಗೆ ದಾಖಲಾಗಿದೆ. ಕಳೆದರೆ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಅವರು. ಹರಿದ ಪುಸ್ತಕಕ್ಕೆ ವಿವರಣೆ ಕೇಳುತ್ತಾರೆ, ಯಾರೂ ಮುಟ್ಟದ ಪುಸ್ತಕಕ್ಕೆ ಕೇಳುವುದಿಲ್ಲ. ಹೀಗಿರುವಾಗ ಬೀಗ ಹಾಕುವುದೇ ಬುದ್ಧಿವಂತಿಕೆ. ಗ್ರಂಥಾಲಯ ವಿಜ್ಞಾನಕ್ಕೆ ತಳಹದಿ ಹಾಕಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಎಂಬುದು. ನಮ್ಮ ವಹಿಗಳು ಅದನ್ನು ಇನ್ನೂ ಒಪ್ಪಿಲ್ಲ.

ಹಳ್ಳಿಗಳಲ್ಲಿ ಈಚೆಗೆ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಗುತ್ತಿದೆ. ಊರಿನಲ್ಲಿರುವ ನನ್ನ ಅತ್ತೆಯ ಮೊಮ್ಮಗಳ ಹತ್ತಿರ ಗ್ರಂಥಾಲಯದ ಕಾರ್ಡ್ ಇದೆ. ನಾನು ಪಾಠ ಮಾಡಿದ ತರಗತಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ. ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಾರೆ, ವಠಾರದ ಮಾಲೀಕರೂ ಕಟ್ಟುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಮಕ್ಕಳ ಗ್ರಂಥಾಲಯವೂ ಇದೆ. ಆದರೆ ಲಗ್ಗೆರೆಯಿಂದ ಕಬ್ಬನ್ ಪಾರ್ಕಿಗೆ ಮಗುವನ್ನು ಕರೆದೊಯ್ಯಲು ಓವರ್‌ಟೈಮ್ ಇಲ್ಲದ ಒಂದು ಭಾನುವಾರ ಬೇಕು.

ಹಾಗಾಗಿ ಉಳಿಯುವುದು ತರಗತಿಯೇ. ಇಂಟರ್ನ್‌ಶಿಪ್ಪಿನಲ್ಲಿ ಶಿಕ್ಷಕರು ರಜೆ ಇದ್ದ ದಿನ ‘ಸ್ವಲ್ಪ ಆ ಕ್ಲಾಸ್ ನೋಡ್ಕೊಳ್ಳಿ’ ಎಂದು ನಮ್ಮನ್ನು ಕಳಿಸುತ್ತಾರೆ. ಆ ಪೀರಿಯಡ್‌ಗಳನ್ನು ನಾನು ಓದುವುದಕ್ಕೆ ಬಳಸಿದೆ. ಬಟ್ಟೆ ಚೀಲದಲ್ಲಿ ಮೂವತ್ತು ಚಿಲ್ಲರೆ ಪುಸ್ತಕ: ನ್ಯಾಷನಲ್ ಬುಕ್ ಟ್ರಸ್ಟ್, ನವಕರ್ನಾಟಕ, ಪ್ರಥಮ್ ಬುಕ್ಸ್‌ನವು, ಹಳೆಯ ಬಾಲವಿಜ್ಞಾನ, ತೇಜಸ್ವಿಯವರ ‘ಪರಿಸರದ ಕತೆ’, ಮತ್ತೆ ನಮ್ಮ ಗುಜರಿ ಅಂಗಡಿಯ ಮಾಲು. ನಿಯಮ ಕಡಿಮೆ. ಬೇಕಾದ್ದನ್ನು ತೆಗೆದುಕೊಳ್ಳಬಹುದು, ಬೇಜಾರಾದರೆ ಅರ್ಧಕ್ಕೆ ಬಿಡಬಹುದು, ಚಿತ್ರ ಮಾತ್ರ ನೋಡಿದರೂ ಸರಿ. 20 ನಿಮಿಷ ಯಾರೂ ಮಾತಾಡುವಂತಿಲ್ಲ, ನಾನೂ ಸೇರಿ. ನಾನೂ ಓದುತ್ತಿದ್ದೆ. ಮೊದಲ ದಿನ ಹಲವರು ಪುಟ ತಿರುವಿಹಾಕಿ ಮುಗಿಯಿತು ಎಂದರು. ಎರಡನೇ ವಾರಕ್ಕೆ ಒಬ್ಬ ಹುಡುಗಿ ನಾನು ಬರುವುದನ್ನು ಕಾರಿಡಾರಿನಲ್ಲೇ ಕಾಯತೊಡಗಿದಳು, ಅರ್ಧ ಓದಿದ ಪುಸ್ತಕವನ್ನು ಬೇರೆಯವರು ಎತ್ತಿಕೊಳ್ಳಬಾರದು ಎಂದು. ಬೇರಿಂಗ್ ಹುಡುಗ ಓದಿದ್ದು ಎರಡೇ ಪುಸ್ತಕ, ಅದರಲ್ಲಿ ಒಂದು ಎರಡನೇ ತರಗತಿಯ ಮಕ್ಕಳಿಗೆ ಬರೆದದ್ದು. ಮೂರನೆಯದಕ್ಕೆ ‘ಪರಿಸರದ ಕತೆ’ ಹಿಡಿದಿದ್ದ. ಕೆಲವೇ ವಾರಗಳಲ್ಲಿ ಅಂಕ ಏರಿತು ಎಂದು ನಾನು ಹೇಳಿದರೆ ನೀವು ನಂಬಬಾರದು. ಏರಲಿಲ್ಲ.

‘ಕೊನೆಗೆ ನಾಲ್ಕು ಪ್ರಶ್ನೆ ಕೇಳಿಬಿಡಿ, ಇಲ್ಲದಿದ್ದರೆ ಓದಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ನಾನು ಒಪ್ಪಲಿಲ್ಲ. ಪ್ರಶ್ನೆ ಬಂದ ತಕ್ಷಣ ಅದು ಮತ್ತೆ ‘ಓದ್ಕೋ ಹೋಗು’ ಆಗುತ್ತದೆ, ಮಕ್ಕಳು ಉತ್ತರ ಸಿಗುವ ಪುಟ ಹುಡುಕತೊಡಗುತ್ತಾರೆ. ಗಿಜುಭಾಯಿ ಬಧೇಕ ಅವರ ‘ಹಗಲುಗನಸು’ ನಮ್ಮಲ್ಲಿ ಅನೇಕರು ಓದಿದ್ದೀರಿ. 1930ರ ದಶಕದ ಆರಂಭದಲ್ಲಿ ಗುಜರಾತಿಯಲ್ಲಿ ಬಂದ ಆ ಪುಸ್ತಕದ ಮೇಷ್ಟ್ರು ಲಕ್ಷ್ಮೀಶಂಕರ್ ಪಠ್ಯಪುಸ್ತಕಕ್ಕೆ ಕೊಡುವ ದುಡ್ಡನ್ನು ಒಟ್ಟುಮಾಡಿ ತರಗತಿಗೆ ಗ್ರಂಥಾಲಯ ಮಾಡಿದಾಗ ಸುತ್ತಲಿನವರು ಎತ್ತಿದ ಅನುಮಾನಗಳೂ ಇಂಥವೇ. ಪೋರ್ಷನ್ ಮುಗಿಯುವುದಿಲ್ಲ ಎನ್ನುವ ಮಾತಿಗೂ ನನ್ನ ಉತ್ತರ ಚಿಕ್ಕದು. ಓದಲಾರದ ಮಕ್ಕಳಿಗೆ ಮುಗಿಸಿದ ಪೋರ್ಷನ್ ನಮ್ಮ ಡೈರಿಯಲ್ಲಿ ಮಾತ್ರ ಮುಗಿದಿರುತ್ತದೆ.

ಕಾಲೇಜಿಗೆ ನನ್ನ ಕೋರಿಕೆ ಹೀಗಿದೆ. ನಮ್ಮ ಪಾಠಯೋಜನೆಯ ನಮೂನೆಯಲ್ಲಿ ಕಲಿಕಾಫಲ, ಚಟುವಟಿಕೆ, ಮೌಲ್ಯಮಾಪನ ಎಂಬ ಅಂಕಣಗಳಿವೆ. ಈ 20 ನಿಮಿಷವನ್ನು ಯಾವ ಅಂಕಣದಲ್ಲೂ ಬರೆಯಲಾಗದು, ಬರೆಯಲಾಗದ್ದನ್ನು ಯಾವ ಪ್ರಶಿಕ್ಷಣಾರ್ಥಿಯೂ ಮಾಡುವುದಿಲ್ಲ. ಬೋಧನಾಭ್ಯಾಸದ ಪಾಠಗಳ ಲೆಕ್ಕದಲ್ಲಿ ಎರಡನ್ನಾದರೂ, ಯಾವ ವಿಷಯದವರೇ ಆಗಲಿ, ಓದಿನ ಪೀರಿಯಡ್ ಎಂದು ಒಪ್ಪಿಕೊಳ್ಳಿ. ವೀಕ್ಷಣೆಗೆ ಬರುವ ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಕುಳಿತು ಅಂಕಪಟ್ಟಿಯ ಬದಲು ಒಂದು ಪುಸ್ತಕ ತೆಗೆದು ಓದಲಿ, ಮಕ್ಕಳು ಅದನ್ನು ನೋಡಲಿ. ಇಪಿಸಿ ರೆಕಾರ್ಡಿನಲ್ಲಿ ಪುಸ್ತಕ ವಿಮರ್ಶೆಯ ಬದಲು, ನಾವು ತರಗತಿಗೆ ಒಯ್ದ ಪುಸ್ತಕಗಳಲ್ಲಿ ಯಾವುದನ್ನು ಮಕ್ಕಳು ಎತ್ತಿಕೊಂಡರು, ಯಾವುದನ್ನು ಮುಟ್ಟಲಿಲ್ಲ, ಏಕೆ ಎಂದು ಬರೆಯುವುದಾದರೆ ಅದನ್ನು ಹಿಂದಿನ ವರ್ಷದಿಂದ ನಕಲು ಮಾಡಲು ಆಗುವುದಿಲ್ಲ.

ಇಂಟರ್ನ್‌ಶಿಪ್ ಮುಗಿದ ದಿನ ಎಣಿಸಿದಾಗ ನನ್ನ ಚೀಲದಲ್ಲಿ ನಾಲ್ಕು ಪುಸ್ತಕ ಕಡಿಮೆ ಇದ್ದವು, ‘ಪರಿಸರದ ಕತೆ’ಯೂ ಸೇರಿ. ಹೆಸರುಗಳನ್ನು ಬರೆದಿಟ್ಟುಕೊಳ್ಳಿ ಎಂದರು ಮಾರ್ಗದರ್ಶಕ ಶಿಕ್ಷಕರು. ಬರೆದಿಟ್ಟುಕೊಂಡಿದ್ದೇನೆ. ಆ ಶಾಲೆಗೆ ಹೋಗುವ ಮುಂದಿನ ತಂಡದವರು ಕೇಳಿದರೆ ಪಟ್ಟಿ ಕೊಡುತ್ತೇನೆ, ಆ ನಾಲ್ಕರ ಇನ್ನೊಂದೊಂದು ಪ್ರತಿ ಒಯ್ಯಲು ಅನುಕೂಲವಾಗುತ್ತದೆ.